ಬಾಡಿ ಹಳೇದೇ ಇರಲಿ, ಮೊದಲು ಲೆನ್ಸ್ ತಗೊಳ್ಳಿ

ಥರ್ಡ್ ಸೆಮ್ ಶುರುವಾಗುವಾಗ ನನ್ನ ಅಕೌಂಟ್‌ನಲ್ಲಿ 42 ಸಾವಿರ ರೂಪಾಯಿ ಇತ್ತು. ಎರಡು ಮದುವೆಗಳಲ್ಲಿ ಸೆಕೆಂಡ್ ಕ್ಯಾಮರಾ ಹಿಡಿದದ್ದು, ರಜೆಯಲ್ಲಿ ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಮ್ಯಾಥ್ಸ್ ಹೇಳಿಕೊಟ್ಟದ್ದು, ಅಜ್ಜಿ ಯಾರಿಗೂ ಹೇಳಬೇಡ ಅಂತ ಕೈಗೆ ತುರುಕಿದ ಐದು ಸಾವಿರ, ಎಲ್ಲ ಸೇರಿ ಅಷ್ಟು. ನನ್ನ ಹತ್ತಿರ ಇದ್ದ ಕ್ಯಾಮರಾ ಕ್ಯಾನನ್ 1500ಡಿ. ಟೆಂತ್ ರಿಸಲ್ಟ್ ಬಂದಾಗ ಅಪ್ಪ ಕೊಡಿಸಿದ್ದು. ಲೆನ್ಸ್ ಅಂದ್ರೆ ಅದರ ಡಬ್ಬದಲ್ಲೇ ಬಂದ 18-55 ಎಂಎಂ, ಅಷ್ಟೇ.

ಆ 42 ಸಾವಿರದಲ್ಲಿ ಏನು ಮಾಡಬೇಕು ಅನ್ನೋದು ನಾಲ್ಕು ತಿಂಗಳು ನನ್ನ ತಲೆ ತಿಂದ ಪ್ರಶ್ನೆ. ಹೊಸ ಬಾಡಿನಾ, ಲೆನ್ಸಾ? ಕ್ಯಾಂಪಸ್‌ನಲ್ಲಿ ಕ್ಯಾಮರಾ ಇರೋ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬರೋ ಪ್ರಶ್ನೆ ಇದು. ನನ್ನ ಉತ್ತರ ಟೈಟಲ್‌ನಲ್ಲೇ ಇದೆ. ಆದ್ರೆ ಆ ಉತ್ತರಕ್ಕೆ ನಾನು ಹೋದ ದಾರಿ ಸ್ವಲ್ಪ ಉದ್ದ, ಅದನ್ನ ಹೇಳದೆ ಉತ್ತರ ಮಾತ್ರ ಹೇಳಿದ್ರೆ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಈ ಲೇಖನ ಬರೆಯುವಾಗ ನಮ್ಮ ಎಡಿಟರ್ ಅಪರ್ಚರ್‌ಗೆ 'ಬೆಳಕಿಂಡಿ' ಅಂತ ಬರಿ ಅಂದ್ರು. ತುಂಬಾ ಚಂದದ ಪದ. ಆದ್ರೆ ನೀವು ಅಂಗಡಿಗೆ ಹೋಗಿ ದೊಡ್ಡ ಬೆಳಕಿಂಡಿ ಇರೋ ಲೆನ್ಸ್ ಕೊಡಿ ಅಂದ್ರೆ ಅವರು ಕಾರ್ಪೆಂಟರ್ ನಂಬರ್ ಕೊಡಬಹುದು. ಹಾಗಾಗಿ ಅಪರ್ಚರ್ ಅಂತಲೇ ಬರೀತೀನಿ. ಇಂಗ್ಲಿಷ್ ಮೀಡಿಯಂ ಹುಡುಗನ ಕನ್ನಡ ಅಂತ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಕ್ಯಾಂಪಸ್ ಕಥೆ. ಫೆಸ್ಟ್ ದಿನ ಸ್ಟೇಜ್ ಮುಂದೆ ಫೋಟೋ ತೆಗೆಯೋರ ಒಂದು ಸಾಲು ಇರುತ್ತಲ್ಲ, ಅಲ್ಲಿ ಒಂದು ಜಾತಿ ವ್ಯವಸ್ಥೆ ಇದೆ. ಫುಲ್ ಫ್ರೇಮ್ ಇರೋರು ಮಧ್ಯದಲ್ಲಿ, ಮಿರರ್‌ಲೆಸ್ ಇರೋರು ಅವರ ಅಕ್ಕಪಕ್ಕ, ಕಿಟ್ ಲೆನ್ಸ್ ಇರೋರು ಸ್ಪೀಕರ್ ಹಿಂದೆ. ಯಾರೂ ಹಾಗೆ ರೂಲ್ ಮಾಡಿಲ್ಲ, ಆದ್ರೂ ಹಾಗೇ ಆಗುತ್ತೆ. ಒಬ್ಬ ಸೀನಿಯರ್ ನನ್ನ ಕ್ಯಾಮರಾ ನೋಡಿ "ಇನ್ನೂ ಇದೇನಾ?" ಅಂದ್ರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದ್ರೂ ಆ ದಿನ ರಾತ್ರಿ ನಾನು ಎರಡು ಗಂಟೆವರೆಗೆ ಬಾಡಿಗಳ ರಿವ್ಯೂ ನೋಡ್ತಾ ಕೂತಿದ್ದೆ. ಸತ್ಯ ಹೇಳಬೇಕಂದ್ರೆ ಆಗ ನನಗೆ ಬೇಕಾಗಿದ್ದದ್ದು ಒಳ್ಳೆ ಫೋಟೋ ಅಲ್ಲ, ಆ ಸಾಲಿನಲ್ಲಿ ನಾಲ್ಕು ಹೆಜ್ಜೆ ಮಧ್ಯಕ್ಕೆ ಬರೋ ಜಾಗ.

ಮರುವಾರ ಒಂದು ಅಂಗಡಿಗೂ ಹೋದೆ. ಫುಲ್ ಫ್ರೇಮ್ ಬಾಡಿ ಲಕ್ಷದ ಹತ್ತಿರ. ನನ್ನ 42 ಸಾವಿರ ಡೌನ್ ಪೇಮೆಂಟ್, ಉಳಿದದ್ದು ತಿಂಗಳು ತಿಂಗಳು ಇಎಂಐ. ಅಪ್ಪನ ಪಾನ್ ಕಾರ್ಡ್ ಬೇಕು ಅಂದ್ರು. ಅಪ್ಪನಿಗೆ ಫೋನ್ ಮಾಡೋಕೆ ಧೈರ್ಯ ಬರಲಿಲ್ಲ, ಹಾಗೇ ವಾಪಸ್ ಬಂದೆ. ಧೈರ್ಯ ಬಂದಿದ್ರೆ ಇವತ್ತು ಈ ಲೇಖನ ಬೇರೆ ಥರ ಇರ್ತಿತ್ತು.

ಈಗ ನನ್ನ ದೊಡ್ಡಪ್ಪನ ವಿಷಯ. ನಮ್ಮೂರು ಕುಂದಾಪುರ ಕಡೆ. ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ವೇಷಧಾರಿ. ನೀವು ಹೆಸರು ಕೇಳಿರೋ ಕಲಾವಿದರಲ್ಲ. ದೇವೇಂದ್ರನ ಒಡ್ಡೋಲಗ ಬಂದ್ರೆ ಅದರಲ್ಲಿ ಅಗ್ನಿನೋ ವಾಯುನೋ, ರಾಕ್ಷಸ ಬಂದ್ರೆ ಅವನ ಬಲ, ಒಮ್ಮೊಮ್ಮೆ ಋಷಿ, ಒಮ್ಮೊಮ್ಮೆ ದೂತ. ಮೂವತ್ತು ವರ್ಷ ಹೀಗೇ ಕುಣಿದಿದ್ದಾರೆ. ಮಂಡಿ ಹಾಕಿ ಹಾಕಿ ಬಲಗಾಲಿನ ಮಂಡಿ ಹೋಗಿದೆ. ಹಾಗಾಗಿ ಈ ವರ್ಷದ ತಿರುಗಾಟವೇ ಕಡೆಯದು ಅಂತ ದೀಪಾವಳಿಗೆ ಮನೆಗೆ ಹೋದಾಗ ಹೇಳಿದ್ರು. "ಇನ್ನು ಕೂಡುದಿಲ್ಲ ಮಾರಾಯ" ಅಂದ್ರು, ಊಟ ಬಡಿಸಿಕೊಳ್ತಾ, ಏನೂ ದೊಡ್ಡ ವಿಷಯ ಅಲ್ಲ ಅನ್ನೋ ಥರ. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಹತ್ರ ದೊಡ್ಡ ಕ್ಯಾಮರಾ ಉಂಟಲ್ಲ, ಒಂದು ಫೋಟೋ ತೆಗಿ ಅಂದ್ರು.

ಆಗ ಗೊತ್ತಾಗಿದ್ದು, ಮೂವತ್ತು ವರ್ಷದಲ್ಲಿ ವೇಷ ಹಾಕಿದ ಅವರದ್ದೇ ಅಂತ ಒಂದು ಸರಿಯಾದ ಫೋಟೋ ಮನೆಯಲ್ಲಿಲ್ಲ. ಆಟಕ್ಕೆ ಬರೋ ಫೋಟೋಗ್ರಾಫರ್‌ಗಳು ಮುಖ್ಯ ವೇಷದ ಫೋಟೋ ತೆಗೀತಾರೆ. ಬಲದವರು ಅದರಲ್ಲಿ ಎಲ್ಲೋ ಹಿಂದೆ ಅರ್ಧ ಕೈ, ಅರ್ಧ ಮುಖ.

ಜನವರಿಯಲ್ಲಿ ಪಕ್ಕದೂರಿನ ಗದ್ದೆಯಲ್ಲಿ ಹರಕೆ ಆಟ ಇತ್ತು. ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಹೋದೆ. ರಂಗಸ್ಥಳದಿಂದ ಸುಮಾರು ಐದು ಮೀಟರ್ ದೂರ, ಮುಂದಿನ ಸಾಲಿನ ಪಕ್ಕದಲ್ಲಿ ಜಾಗ ಸಿಕ್ತು. ದೊಡ್ಡಪ್ಪ ರಂಗಕ್ಕೆ ಬಂದಾಗ ಹನ್ನೊಂದೂವರೆ. ಒಟ್ಟು ಇಪ್ಪತ್ತು ನಿಮಿಷ ಇದ್ದಿರಬಹುದು. ನಾನು 140 ಫೋಟೋ ತೆಗೆದೆ. ಮಾರನೇ ದಿನ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ 140ರಲ್ಲಿ ಒಂದೂ ಇಲ್ಲ. ಮುಖ ಇದೆ ಆದ್ರೆ ಕಣ್ಣಿಲ್ಲ. ಕೈ ಇರಬೇಕಾದ ಕಡೆ ಕೆಂಪು ಬಣ್ಣದ ಒಂದು ಗೀರು. ಕಿರೀಟ ಮಾತ್ರ ಎರಡೆರಡು. ದೊಡ್ಡಪ್ಪ ಬಂದು ನೋಡಿ ನಕ್ಕರು, "ಇದು ವಾಯುವೇ, ಸರಿ ಉಂಟು" ಅಂದ್ರು. ನನಗೆ ನಗು ಬರಲಿಲ್ಲ. ಪತ್ತನಾಜೆ ಬಂದ್ರೆ ಮೇಳಗಳ ತಿರುಗಾಟ ಮುಗೀತು, ಅಂದ್ರೆ ಮೇ ಕೊನೆಯ ವಾರ. ಆಮೇಲೆ ಅವರು ಗೆಜ್ಜೆ ಬಿಚ್ಚಿದ್ರೆ ಮತ್ತೆ ಕಟ್ಟಲ್ಲ.

ವಾಪಸ್ ಬರೋ ಬಸ್ಸಿನಲ್ಲಿ ನನ್ನ ನಿರ್ಧಾರ ಆಗಿಹೋಗಿತ್ತು: ಕ್ಯಾಮರಾ ಸಾಲಲ್ಲ, ಫುಲ್ ಫ್ರೇಮ್ ಬೇಕು, ಅಪ್ಪನಿಗೆ ಹೇಳೋದೇ. ಅದೃಷ್ಟಕ್ಕೆ ಹಾಸ್ಟೆಲ್‌ಗೆ ಬಂದ್ಮೇಲೆ ಆ ಹಾಳಾದ ಫೋಟೋಗಳನ್ನ ಡಿಲೀಟ್ ಮಾಡೋ ಮುಂಚೆ ಇನ್ನೊಂದು ಸಲ ನೋಡಿದೆ. ಈ ಸಲ ಫೋಟೋ ಅಲ್ಲ, ಫೋಟೋ ಜೊತೆ ಸೇವ್ ಆಗೋ ಡೇಟಾ. ಪ್ರತಿ ಫೈಲ್‌ನಲ್ಲೂ ಯಾವ ಫೋಕಲ್ ಲೆಂಗ್ತ್, ಎಷ್ಟು ಅಪರ್ಚರ್, ಶಟರ್ ಸ್ಪೀಡ್ ಎಷ್ಟು, ಐಎಸ್‌ಒ ಎಷ್ಟು ಅಂತ ಇರುತ್ತೆ. ಹೆಚ್ಚಿನ ಎಲ್ಲದರಲ್ಲೂ ಒಂದೇ ಕಥೆ: 55 ಎಂಎಂ, ಎಫ್/5.6, 1/30 ಸೆಕೆಂಡ್, ಐಎಸ್‌ಒ 6400.

ಇದನ್ನ ಓದೋದು ಕಲಿತರೆ ಅರ್ಧ ಉತ್ತರ ಸಿಕ್ಕ ಹಾಗೆ. ಐಎಸ್‌ಒ 6400 ಅಂದ್ರೆ ನನ್ನ ಕ್ಯಾಮರಾದ ನಾರ್ಮಲ್ ರೇಂಜ್‌ನ ತುದಿ. ಎಫ್/5.6 ಅಂದ್ರೆ 55 ಎಂಎಂ‌ಗೆ ಜೂಮ್ ಮಾಡಿದಾಗ ಆ ಕಿಟ್ ಲೆನ್ಸ್ ತೆರೆಯೋದೇ ಅಷ್ಟು, ಅದಕ್ಕಿಂತ ಜಾಸ್ತಿ ಆಗಲ್ಲ. ಎರಡೂ ಕಡೆ ಬಾಗಿಲು ಮುಚ್ಚಿದಾಗ ಕ್ಯಾಮರಾಗೆ ಉಳಿಯೋದು ಶಟರನ್ನ ನಿಧಾನ ಮಾಡೋದೊಂದೇ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ನಿಂತಿರೋ ಮನುಷ್ಯನ ಫೋಟೋ ಬರುತ್ತೆ. ಚೆಂಡೆ ಪೆಟ್ಟಿಗೆ ಗಿರಕಿ ಹೊಡೀತಿರೋ ಮನುಷ್ಯ ಅಷ್ಟರೊಳಗೆ ಎಲ್ಲಿಂದ ಎಲ್ಲಿಗೋ ಹೋಗಿರ್ತಾನೆ.

ಅಂದ್ರೆ ಕ್ಯಾಮರಾ ತಪ್ಪು ಮಾಡಿಲ್ಲ. ಬೆಳಕು ಸಾಲಲಿಲ್ಲ. ಪ್ರಶ್ನೆ ಈಗ 'ಯಾವ ಕ್ಯಾಮರಾ ಒಳ್ಳೇದು' ಅನ್ನೋದಲ್ಲ, 'ಬೆಳಕು ಎಲ್ಲಿಂದ ತರಲಿ' ಅನ್ನೋದು. ಇದಕ್ಕೆ ಲೆಕ್ಕ ಹಾಕಬಹುದು, ನಾವು ಎಂಜಿನಿಯರಿಂಗ್ ಓದ್ತಿರೋದು ಸುಮ್ಮನೆ ಅಲ್ಲವಲ್ಲ.

ಮೊದಲು ಬಾಡಿ. ನನ್ನ ಕ್ಯಾಮರಾದ ಸೆನ್ಸರ್ 22.3 ಎಂಎಂ ಅಗಲ, 14.9 ಎಂಎಂ ಎತ್ತರ. ಫುಲ್ ಫ್ರೇಮ್ 36 ಮತ್ತು 24. ಏರಿಯಾ ಲೆಕ್ಕ ಹಾಕಿದ್ರೆ ಫುಲ್ ಫ್ರೇಮ್ 2.6 ಪಟ್ಟು ದೊಡ್ಡದು. ಅದೇ ಎಫ್/5.6ನಲ್ಲಿ ಒಟ್ಟು 2.6 ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತೆ. ಹೊಸ ಸೆನ್ಸರ್‌ಗಳು ಇನ್ನೂ ಸ್ವಲ್ಪ ಉತ್ತಮ ಅನ್ನಿ. ಆ ಲಾಭವನ್ನೆಲ್ಲ ಶಟರ್ ಸ್ಪೀಡ್‌ಗೆ ಕೊಟ್ಟರೂ 1/30 ಇದ್ದದ್ದು 1/80 ಆಗುತ್ತೆ. ಖರ್ಚು ಲಕ್ಷದ ಹತ್ತಿರ. ಅದರಲ್ಲಿ ಲೆನ್ಸ್ ಸೇರಿಲ್ಲ.

ಈಗ ಲೆನ್ಸ್. ಎಫ್ ನಂಬರ್ ಅಂದ್ರೆ ಫೋಕಲ್ ಲೆಂಗ್ತನ್ನ ಅಪರ್ಚರ್‌ನ ಅಗಲದಿಂದ ಭಾಗಿಸಿದ್ದು. 55ನ್ನ 5.6ರಿಂದ ಭಾಗಿಸಿದ್ರೆ 9.8 ಎಂಎಂ. ನಿಮ್ಮ ಶರ್ಟಿನ ಗುಂಡಿಯಷ್ಟು ತೂತು. 50 ಎಂಎಂ ಎಫ್/1.8 ಲೆನ್ಸ್‌ಗೆ ಅದೇ ಲೆಕ್ಕ ಮಾಡಿದ್ರೆ 27.8 ಎಂಎಂ. ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು. ಗುಂಡಿ ಪಕ್ಕ ನಾಣ್ಯ ಇಟ್ಟು ನೋಡಿ, ನಾನು ಇಟ್ಟು ನೋಡಿದೆ. ಸೆನ್ಸರ್ ಮೇಲೆ ಬೀಳೋ ಬೆಳಕು 5.6/1.8ರ ವರ್ಗ, ಅಂದ್ರೆ ಸುಮಾರು 9.7 ಪಟ್ಟು. 1/30 ಇದ್ದದ್ದು ಅದೇ ಕ್ಯಾಮರಾದಲ್ಲಿ, ಅದೇ ಐಎಸ್‌ಒನಲ್ಲಿ 1/250 ಆಗುತ್ತೆ. ಈ ಲೆನ್ಸ್‌ನ ಬೆಲೆ ಹೊಸದಾದ್ರೂ ಹತ್ತು ಸಾವಿರದ ಆಸುಪಾಸು.

ಒಂದು ಕಡೆ ಲಕ್ಷಕ್ಕೆ 2.6 ಪಟ್ಟು, ಇನ್ನೊಂದು ಕಡೆ ಹತ್ತು ಸಾವಿರಕ್ಕೆ 9.7 ಪಟ್ಟು. ಈ ಎರಡು ನಂಬರ್‌ಗಳನ್ನ ನೋಟ್‌ಬುಕ್‌ನಲ್ಲಿ ಪಕ್ಕಪಕ್ಕ ಬರೆದಾಗ ನಾಲ್ಕು ತಿಂಗಳ ತಲೆನೋವು ಹೋಯಿತು. ಸ್ವಲ್ಪ ನಾಚಿಕೆನೂ ಆಯಿತು. ಈ ಲೆಕ್ಕಕ್ಕೆ ಪಿಯುಸಿ ಫಿಸಿಕ್ಸ್ ಸಾಕು.

ಆದ್ರೂ ನೇರ ಹೋಗಿ ಕೊಳ್ಳಲಿಲ್ಲ. 50 ಎಂಎಂ ಲೆನ್ಸ್‌ನಲ್ಲಿ ಜೂಮ್ ಇಲ್ಲ, ಹತ್ತಿರ ಬೇಕಾದ್ರೆ ನಾವೇ ನಡೀಬೇಕು. ನನ್ನ ಹಾಗೆ ಚಿಕ್ಕ ಸೆನ್ಸರ್ ಇರೋರಿಗೆ ಅದು ಫುಲ್ ಫ್ರೇಮ್‌ನ 80 ಎಂಎಂ ಥರ ಕಾಣುತ್ತೆ, ಅಂದ್ರೆ ಸಾಕಷ್ಟು ಟೈಟ್. ಇದು ನಮಗೆ ಆಗುತ್ತಾ ಅಂತ ನೋಡೋಕೆ ಪುಕ್ಕಟೆ ದಾರಿ ಇದೆ. ಕಿಟ್ ಲೆನ್ಸ್‌ನ ಜೂಮ್ ರಿಂಗನ್ನ 50ಕ್ಕೆ ಇಟ್ಟು ಅದರ ಮೇಲೆ ಟೇಪ್ ಅಂಟಿಸಿ. ಒಂದು ವಾರ ಹಾಗೇ ಫೋಟೋ ತೆಗೀರಿ. ನಾಲ್ಕನೇ ದಿನಕ್ಕೆ ಟೇಪ್ ಕಿತ್ತು ಎಸೆಯೋಣ ಅನ್ನಿಸಿದ್ರೆ ಆ ಲೆನ್ಸ್ ನಿಮಗಲ್ಲ, 35 ಅಥವಾ 24 ಎಂಎಂ ನೋಡಿ. ನನಗೆ ಹಾಗನ್ನಿಸಲಿಲ್ಲ. ಯಕ್ಷಗಾನಕ್ಕೂ ಲೆಕ್ಕ ಹಾಕಿದೆ: ಐದು ಮೀಟರ್ ದೂರದಿಂದ ಕ್ಯಾಮರಾ ಉದ್ದಕ್ಕೆ ಹಿಡಿದ್ರೆ ಫ್ರೇಮ್‌ನಲ್ಲಿ 2.2 ಮೀಟರ್ ಎತ್ತರ ಹಿಡಿಯುತ್ತೆ. ದೊಡ್ಡಪ್ಪ, ಅವರ ಮೇಲೆ ಕಿರೀಟ, ಸರಿಯಾಗಿ ಸಾಕು.

ಆಮೇಲೆ "ಇನ್ನೂ ಇದೇನಾ?" ಅಂದ ಅದೇ ಸೀನಿಯರ್ ಹತ್ತಿರ ಹೋಗಿ ಅವರ 50 ಎಂಎಂ ಒಂದು ಸಂಜೆಗೆ ಕೇಳಿದೆ. ತಕ್ಷಣ ಕೊಟ್ಟರು. ಇದು ನನಗೆ ಈಗಲೂ ನೆನಪಿರೋ ವಿಷಯ, ಯಾಕಂತ ಕೊನೆಗೆ ಹೇಳ್ತೀನಿ. ಆ ಸಂಜೆ ಹಾಸ್ಟೆಲ್ ಮೆಸ್‌ನ ಟ್ಯೂಬ್‌ಲೈಟ್ ಕೆಳಗೆ, ಚಪಾತಿ ಲಟ್ಟಿಸ್ತಿದ್ದ ಅಣ್ಣನ ಕೈ ಫೋಟೋ ತೆಗೆದೆ. ಹಿಟ್ಟು ಗಾಳಿಯಲ್ಲಿ ನಿಂತಿತ್ತು. ನನ್ನ ಹಳೇ ಕ್ಯಾಮರಾದಲ್ಲಿ!

ಕೊನೆಗೆ ಸೆಕೆಂಡ್ ಹ್ಯಾಂಡ್ ಒಂದು 6,500ಕ್ಕೆ ತಗೊಂಡೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಕಿವಿಮಾತು, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನವರಿಗೆ. ಮಳೆಗಾಲದ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಬರುತ್ತೆ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ. ಲೆನ್ಸನ್ನ ಕ್ಯಾಮರಾದಿಂದ ಬಿಚ್ಚಿ, ಹಿಂದಿನಿಂದ ಫೋನ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆ ಥರ ಎಳೆ ಕಂಡ್ರೆ ಬೇಡ ಅನ್ನಿ. ತಗೊಂಡ ಮೇಲೆ ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಿಕಾನ್ ಡಿ3500, ಡಿ5600 ಇರೋರು ಇನ್ನೊಂದು ನೋಡಬೇಕು: ಆ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಹಾಗಾಗಿ ಮೋಟರ್ ಲೆನ್ಸ್ ಒಳಗೇ ಇರೋ ಎಎಫ್-ಎಸ್ ಅಥವಾ ಎಎಫ್-ಪಿ ನೋಡಿ ತಗೊಳ್ಳಿ. ಅಗ್ಗಕ್ಕೆ ಸಿಕ್ತು ಅಂತ ಹಳೇ ಲೆನ್ಸ್ ತಂದ್ರೆ ಕೈಯಲ್ಲೇ ಫೋಕಸ್ ಮಾಡ್ತಾ ಕೂರಬೇಕಾಗುತ್ತೆ.

ಇದಕ್ಕೆ ವಿರುದ್ಧವಾದ ವಾದಗಳನ್ನೂ ಕೇಳಿದ್ದೀನಿ. ಒಂದು, ಲೆನ್ಸ್ ತಗೊಂಡು ನಾಳೆ ಬಾಡಿ ಬದಲಿಸಿದ್ರೆ ದುಡ್ಡು ದಂಡ ಅಲ್ವಾ? ಇಲ್ಲ. ಕ್ಯಾನನ್‌ನ ಇಎಫ್ ಮೌಂಟ್ ಬಂದದ್ದು 1987ರಲ್ಲಿ. ಅವತ್ತಿನ ಲೆನ್ಸ್ ಇವತ್ತು ನನ್ನ 1500ಡಿಗೆ ಕೂರುತ್ತೆ. 2018ರಲ್ಲಿ ಬಂದ ಆರ್‌ಎಫ್ ಮೌಂಟ್‌ನ ಮಿರರ್‌ಲೆಸ್ ಬಾಡಿಗಳಿಗೂ ಒಂದು ಅಡಾಪ್ಟರ್ ಹಾಕಿದ್ರೆ ಕೂರುತ್ತೆ. ನನ್ನ 50 ಎಂಎಂ ಫುಲ್ ಫ್ರೇಮ್‌ಗೂ ಆಗೋ ಲೆನ್ಸ್, ಹಾಗಾಗಿ ನಾಳೆ ಕೆಲಸ ಸಿಕ್ಕಿ ದೊಡ್ಡ ಬಾಡಿ ತಗೊಂಡ್ರೂ ಇದು ಜೊತೆಗೆ ಬರುತ್ತೆ. ಬಾಡಿಗೆ ಹೊಸ ಮಾಡೆಲ್ ಬಂದ ದಿನವೇ ವಯಸ್ಸಾಗುತ್ತೆ, ಲೆನ್ಸ್‌ಗೆ ಅಷ್ಟು ಬೇಗ ಆಗಲ್ಲ.

ಎರಡು, ಹೊಸ ಬಾಡಿಗಳಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ? ಇದೆ, ಚೆನ್ನಾಗೂ ಇದೆ. ಆದ್ರೆ ಅದು ನಿಲ್ಲಿಸೋದು ನಿಮ್ಮ ಕೈ ನಡುಕವನ್ನ. ಕುಣಿಯೋನ ಕಾಲನ್ನ ನಿಲ್ಲಿಸೋಕೆ ಅದರಿಂದ ಆಗಲ್ಲ. ಮೂರು, ಫ್ಲ್ಯಾಶ್ ಹಾಕು. ಮಂಡಿ ಹಾಕ್ತಿರೋ ಕಲಾವಿದನ ಕಣ್ಣಿಗೆ ಫ್ಲ್ಯಾಶ್ ಹೊಡೆಯೋದು ಸರಿಯಲ್ಲ. ಫೋಟೋನೂ ಗೋಡೆಗೆ ಅಂಟಿಸಿದ ಪೋಸ್ಟರ್ ಥರ ಚಪ್ಪಟೆ ಬರುತ್ತೆ. ನಾಲ್ಕು, ಫೋನೇ ಸಾಕು. ಹಗಲಿಗೆ ಸಾಕು, ಒಪ್ಪಿದೆ. ಫೋನ್‌ನ ನೈಟ್ ಮೋಡ್ ಹಲವು ಫ್ರೇಮ್ ತೆಗೆದು ಒಂದು ಮಾಡುತ್ತೆ, ನಿಂತಿರೋ ದೇವಸ್ಥಾನಕ್ಕೆ ಅದು ಅದ್ಭುತ. ಕುಣಿಯೋ ವೇಷಕ್ಕೆ ಅದೇ ಎರಡು ಕಿರೀಟದ ಕಥೆ.

ಹಾಗಂತ ಬಾಡಿ ಯಾವತ್ತೂ ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ರೂಮ್‌ಮೇಟ್ ಹಕ್ಕಿ ಫೋಟೋ ತೆಗೀತಾನೆ, ಅವನಿಗೂ ಇದೇ ಕ್ಯಾಮರಾ. ಇದು ಸೆಕೆಂಡಿಗೆ 3 ಫ್ರೇಮ್ ತೆಗೆಯುತ್ತೆ, ಫೋಕಸ್ ಪಾಯಿಂಟ್ 9 ಇದೆ. ಹಾರ್ತಿರೋ ಮಿಂಚುಳ್ಳಿಗೆ ಇದು ಸಾಲಲ್ಲ, ಯಾವ ಲೆನ್ಸ್ ಹಾಕಿದ್ರೂ ಸಾಲಲ್ಲ. ಅವನ ಹಾಳಾದ ಫೋಟೋ ನೋಡಿದ್ರೆ ಬೆಳಕು ಬೇಕಾದಷ್ಟಿದೆ, ಶಟರ್ 1/2000 ಇದೆ, ಆದ್ರೆ ಫೋಕಸ್ ಹಿಂದಿನ ಕೊಂಬೆ ಮೇಲಿದೆ. ಅವನು ಬಾಡಿ ಬದಲಿಸಲಿ. ಶಾರ್ಟ್ ಫಿಲ್ಮ್ ಮಾಡೋ ಗೆಳತಿಗೆ ಸ್ಲೋ ಮೋಶನ್ ಬೇಕು, ಈ ಕ್ಯಾಮರಾ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಿಂತ ಮೇಲೆ ಹೋಗಲ್ಲ. ಅವಳೂ ಬದಲಿಸಲಿ. ನನ್ನ ವಾದ ಇಷ್ಟೇ: ಏನು ಕೊಳ್ಳಬೇಕು ಅಂತ ರಿವ್ಯೂ ಹೇಳಬಾರದು, ಸೀನಿಯರ್ ಹೇಳಬಾರದು, ಫೆಸ್ಟ್‌ನ ಸಾಲು ಹೇಳಬಾರದು. ನಮ್ಮ ಹಾಳಾದ ಫೋಟೋಗಳು ಹೇಳಬೇಕು. ಅವನ್ನ ನಾಚಿಕೆಯಿಂದ ಡಿಲೀಟ್ ಮಾಡ್ತೀವಲ್ಲ, ಅಲ್ಲೇ ಉತ್ತರನೂ ಡಿಲೀಟ್ ಆಗುತ್ತೆ. ಇಪ್ಪತ್ತು ಕೆಟ್ಟ ಫೋಟೋ ತೆರೆದು ಪ್ರತಿಯೊಂದು ಯಾಕೆ ಕೆಟ್ಟಿತು ಅಂತ ಒಂದು ಸಾಲು ಬರೀರಿ. ಅಲುಗಾಟ, ಕತ್ತಲೆ, ದೂರ, ತಪ್ಪು ಫೋಕಸ್. ಕಿಟ್ ಲೆನ್ಸ್ ಮಾತ್ರ ಇರೋ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಲಿಸ್ಟ್‌ನಲ್ಲಿ ಬರೋದು ಮೊದಲ ಮೂರು, ಮತ್ತು ಆ ಮೂರಕ್ಕೂ ಮದ್ದು ಲೆನ್ಸ್‌ನಲ್ಲಿದೆ.

ಬೆಳಕಿನ ವಿಷಯ ಬಂದಾಗ ನಮ್ಮವರೇ ಒಬ್ಬರನ್ನ ನೆನೆಯಬೇಕು. ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮಾಡಿದವರು, ಆಮೇಲೆ ಗುರುದತ್ ಸಿನಿಮಾಗಳ ಛಾಯಾಗ್ರಾಹಕ. 1959ರ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಕತ್ತಲೆ ಸ್ಟುಡಿಯೋ ಒಳಗೆ ಮೇಲಿಂದ ಬೆಳಕಿನ ಕೋಲು ಬೀಳೋ ದೃಶ್ಯ ಇದೆ. ಅದಕ್ಕೆ ಅವರು ಬಳಸಿದ್ದು ದೊಡ್ಡ ಕನ್ನಡಿಗಳು ಮತ್ತು ಹೊರಗಿನ ಬಿಸಿಲು. ಆ ಶಾಟ್ ನೋಡಿದ್ಮೇಲೆ ಯಾವ ಕ್ಯಾಮರಾ ಅಂತ ಯಾರೂ ಕೇಳಲ್ಲ, ಬೆಳಕು ಹೇಗೆ ತಂದ್ರು ಅಂತ ಕೇಳ್ತಾರೆ.

ಏಪ್ರಿಲ್‌ನಲ್ಲಿ ಮತ್ತೆ ಊರಿಗೆ ಹೋದೆ. ಬೇರೆ ಗದ್ದೆ, ಅದೇ ಮೇಳ, ಹೊಸ ಲೆನ್ಸ್. ಅದೂ ಜಾದೂ ಅಲ್ಲ, ಅದರ ಕಾಟ ಅದಕ್ಕಿದೆ. ಎಫ್/1.8ರಲ್ಲಿ ಐದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣೋ ಆಳ ಸುಮಾರು 70 ಸೆಂಟಿಮೀಟರ್ ಮಾತ್ರ. ಎರಡು ಮೀಟರ್ ಹತ್ತಿರ ಹೋದ್ರೆ 11 ಸೆಂಟಿಮೀಟರ್. ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಹೋದ್ರೆ ಮಂಜು. ಮಧ್ಯದ ಫೋಕಸ್ ಪಾಯಿಂಟ್ ಒಂದನ್ನೇ ಇಟ್ಟುಕೊಂಡು, ಅವರ ಮುಖದ ಮೇಲೇ ಹಿಡಿದು, ಕುಣಿತದ ಲಯ ನೋಡಿ ಒತ್ತಬೇಕಾಯಿತು. ಚೆಂಡೆ ಕೇಳಿಕೊಂಡು ಒತ್ತಿದ್ರೆ ಸರಿಯಾಗುತ್ತೆ ಅಂತ ಅರ್ಧ ಗಂಟೆ ಆದ್ಮೇಲೆ ಗೊತ್ತಾಯಿತು. ಜನವರಿಯಲ್ಲಿ 140ಕ್ಕೆ ಸೊನ್ನೆ ಇದ್ದದ್ದು ಈ ಸಲ 160ಕ್ಕೆ 23 ಒಳ್ಳೆಯವು. ಒಂದರಲ್ಲಿ ಅವರು ಗಾಳಿಯಲ್ಲಿದ್ದಾರೆ, ಎರಡೂ ಕಾಲು ನೆಲ ಬಿಟ್ಟಿದೆ, ಗೆಜ್ಜೆಯ ಒಂದೊಂದು ಗುಂಡೂ ಎಣಿಸಬಹುದು. ಆ ಹಾಳು ಮಂಡಿಯಲ್ಲೇ ಹಾರಿದ್ದು.

ಉಳಿದ ದುಡ್ಡಿನಲ್ಲಿ ಐದು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪತ್ತನಾಜೆ ಕಳೆದ ಮೇಲೆ ಮನೆಗೆ ತಗೊಂಡು ಹೋದೆ. ದೊಡ್ಡಪ್ಪ ಎಲ್ಲ ನೋಡಿದ್ರು. ಹಾರೋ ಫೋಟೋ ನೋಡಿ ಕೈ ಸರಿಯಾಗಿಲ್ಲ, ಇನ್ನೂ ಮೇಲೆ ಬರಬೇಕಿತ್ತು ಅಂದ್ರು. ಗೋಡೆಗೆ ಹಾಕೋಕೆ ಅವರು ಆರಿಸಿದ್ದು ಬೇರೆ. ಚೌಕಿಯಲ್ಲಿ ಪೆಟ್ಟಿಗೆ ಮುಂದೆ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು ಹಣೆಗೆ ನಾಮ ಬರ್ಕೊಳ್ತಿರೋದು. ಅದನ್ನ ತೆಗೆದದ್ದು 50 ಎಂಎಂನಲ್ಲಿ ಅಲ್ಲ. ಚೌಕಿಯಲ್ಲಿ ಹಿಂದೆ ಸರಿಯೋಕೆ ಜಾಗ ಇರಲಿಲ್ಲ, ಹಾಗಾಗಿ ಕಿಟ್ ಲೆನ್ಸ್ ಹಾಕಿದ್ದೆ. 18 ಎಂಎಂ, ಎಫ್/3.5, 1/30. ಅವರು ಅಲುಗಾಡದೆ ಕೂತಿದ್ರು, ಅಷ್ಟು ಸಾಕಾಯಿತು.

ಇದನ್ನ ಬರೆಯೋದಾ ಬೇಡವಾ ಅಂತ ಯೋಚಿಸಿದೆ, ಯಾಕಂದ್ರೆ ನನ್ನದೇ ವಾದಕ್ಕೆ ಇದು ಸ್ವಲ್ಪ ಇಕ್ಕಟ್ಟು. ಆದ್ರೆ ಮುಚ್ಚಿಟ್ಟರೆ ಸುಳ್ಳಾಗುತ್ತೆ. ಡಬ್ಬದಲ್ಲಿ ಬಂದ ಲೆನ್ಸನ್ನೂ ಮಾರಬೇಡಿ, ಅದು ಮಾಡೋ ಕೆಲಸ ಅದಕ್ಕಿದೆ.

ಕೊನೆಗೆ ಕ್ಯಾಂಪಸ್‌ಗೆ ಒಂದು ಸಲಹೆ. ಆ ಸೀನಿಯರ್ ತಮ್ಮ ಲೆನ್ಸನ್ನ ಒಂದು ಸಂಜೆ ಕೊಡದಿದ್ರೆ ನಾನು ಇವತ್ತಿಗೂ ಇಎಂಐ ಕಟ್ಟುತ್ತಾ ಇರ್ತಿದ್ದೆ. ಬಾಡಿಯನ್ನ ಯಾರೂ ಯಾರಿಗೂ ಕೊಡಲ್ಲ, ಅದು ನಮ್ಮ ಟೂತ್‌ಬ್ರಶ್ ಇದ್ದ ಹಾಗೆ. ಆದ್ರೆ ಲೆನ್ಸ್ ಕೊಡಬಹುದು, ಮೌಂಟ್ ಒಂದೇ ಇದ್ರೆ ಯಾರ ಕ್ಯಾಮರಾಗೂ ಕೂರುತ್ತೆ. ನನಗೆ ಗೊತ್ತಿರೋರಲ್ಲೇ ಹನ್ನೊಂದು ಜನರ ಹತ್ತಿರ ಇಎಫ್ ಮೌಂಟ್ ಇದೆ. ಒಬ್ಬ 50 ತಗೊಂಡ್ರೆ ಇನ್ನೊಬ್ಬ 24 ತಗೊಳ್ಳಲಿ, ಮತ್ತೊಬ್ಬ 55-250 ತಗೊಳ್ಳಲಿ. ಎಲ್ಲರೂ ಒಂದೊಂದು ಬಾಡಿಗೆ ಲಕ್ಷ ಸುರಿಯೋ ಬದಲು ಒಂದು ಲಿಸ್ಟ್ ಮಾಡೋಣ, ಯಾರ ಹತ್ತಿರ ಏನಿದೆ, ಯಾವ ವಾರ ಖಾಲಿ ಇದೆ ಅಂತ. ಫೆಸ್ಟ್‌ನಲ್ಲಿ ಸ್ಪೀಕರ್ ಹಿಂದೆ ನಿಲ್ಲೋ ಫಸ್ಟ್ ಇಯರ್ ಹುಡುಗ ಹುಡುಗಿಯರ ಹೆಸರು ಆ ಲಿಸ್ಟ್‌ನಲ್ಲಿ ಮೊದಲು ಇರಲಿ.

ಶುರು ನಾನೇ ಮಾಡ್ತೀನಿ. ನನ್ನ 50 ಎಂಎಂ ಸೋಮವಾರದಿಂದ ಶುಕ್ರವಾರದವರೆಗೆ ಖಾಲಿ ಇರುತ್ತೆ. ಕ್ಲಬ್ ರೂಮ್‌ನಲ್ಲಿ ಹೇಳಿ ತಗೊಂಡು ಹೋಗಿ. ವಾಪಸ್ ಕೊಡುವಾಗ ಹಿಂದಿನ ಕ್ಯಾಪ್ ಮರೀಬೇಡಿ.